ಸಾಂಕ್ರಾಮಿಕ ಕಾಲದಲ್ಲಿ ಕಟ್ಟಡ ಕಾರ್ಮಿಕರ ಸುರಕ್ಷತೆ

(ಮುಂಬಯಿಯ ಕನ್ನಡ ಮೇಸ್ತ್ರಿಗಳು, ಮುಕಾದಮರು ಮತ್ತು ಕಟ್ಟಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಗೆ ಸಾಂಕ್ರಾಮಿಕ ರೋಗವು ಹೊಸದೇನಲ್ಲ. 1896ರಲ್ಲಿ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಾಗ ದುಡಿಯುವ ಜನರು ಗುಂಪುಗುಂಪಾಗಿ ನಗರವನ್ನು ತೊರೆದು ಊರಿನ ದಾರಿ ಹಿಡಿದರು. 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು, ಇಕ್ಕಟ್ಟಾದ ವಸತಿಗಳನ್ನು ತೆರವುಗೊಳಿಸಿ ಗಾಳಿ ಬೆಳಕಿಗೆ ಎಡೆಮಾಡಿಕೊಡುವ ಅಗಲವಾದ ರಸ್ತೆಗಳನ್ನು ನಿರ್ಮಿಸತೊಡಗಿತು. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗಲೂ ದುಡಿಯುವವರ ಮನಸ್ಸು ಊರಿನತ್ತಲೇ ಹೊರಳಿತು. ಏಪ್ರಿಲ್ 14ರಂದು ಬಾಂದ್ರಾ ನಿಲ್ದಾಣದ ಬಳಿ ನೆರೆದ ಜನಸಮೂಹವನ್ನೂ ಮೇ 1ರಿಂದ ಓಡತೊಡಗಿದ ಶ್ರಮಿಕ ವಿಶೇಷ ರೈಲುಗಳನ್ನೂ ತಾವೆಲ್ಲರೂ ಬಲ್ಲಿರಿ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದು ಇಲ್ಲಿ ಗವಂಡಿಗಳಾಗಿ, ಬಿಗಾರಿಗಳಾಗಿ ದುಡಿಯುವ ನಮ್ಮವರು ಆ ದಿನಗಳ ಸಂಕಟಕ್ಕೆ ಹೊರತಾಗಿರಲಿಲ್ಲ.

ಕೇಂದ್ರ ಗೃಹ ಸಚಿವಾಲಯವು 2020ರ ಏಪ್ರಿಲ್ 15ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ನಗರಗಳಲ್ಲಿ ಕಾರ್ಮಿಕರು ಕೆಲಸದ ಸ್ಥಳದಲ್ಲಿಯೇ ಲಭ್ಯವಿದ್ದು ಹೊರಗಿನಿಂದ ಯಾರನ್ನೂ ಕರೆತರಬೇಕಾಗಿಲ್ಲದ ಕಾಮಗಾರಿಗಳನ್ನು ಮಾತ್ರ ಮುಂದುವರಿಸಬಹುದೆಂದು ತಿಳಿಸಲಾಗಿತ್ತು. ಎರಡನೆಯ ಅಲೆಯ ಸಮಯದಲ್ಲಿ, 2021ರ ಏಪ್ರಿಲ್‌ನಲ್ಲಿ, ಮಹಾರಾಷ್ಟ್ರ ಸರ್ಕಾರವೂ ಇದೇ ಕ್ರಮವನ್ನು ಅನುಸರಿಸಿತು. ರೋಗವು ಹೊರಗಿನಿಂದ ಬಾರದಂತೆ ತಡೆಯಲು ಇದು ಯುಕ್ತವಾದ ಉಪಾಯವೇ ಸರಿ. ಆದರೆ ಒಮ್ಮೆ ಅದು ಒಳಹೊಕ್ಕಿತೆನ್ನಿ. ತಗಡಿನ ಒಂದು ಶೆಡ್ಡು, ಅದರಲ್ಲಿ ಒತ್ತಾಗಿ ಮಲಗಿದ ಹತ್ತು ಜನ, ಎಲ್ಲರಿಗೂ ಒಂದೇ ನಲ್ಲಿ. ಅಂಥ ಕಡೆ ಹೊರಗಿನ ಬೇಲಿಯು ಯಾರನ್ನು ಕಾಪಾಡೀತು?

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಮೊದಲ ತಿಂಗಳುಗಳಲ್ಲಿ ನಾವು ಸಲಿಕೆ, ಬುಟ್ಟಿ, ಸಿಮೆಂಟಿನ ಚೀಲಗಳಿಗೆಲ್ಲ ಔಷಧ ಸಿಂಪಡಿಸುವುದರಲ್ಲಿ ಬಹಳಷ್ಟು ಶ್ರಮವನ್ನು ವ್ಯಯಮಾಡಿದೆವು. ಕೋವಿಡ್ ಮುಖ್ಯವಾಗಿ ಉಸಿರಿನ ಮೂಲಕ, ಗಾಳಿಯಾಡದ ಸ್ಥಳಗಳಲ್ಲಿ ಹರಡುತ್ತದೆಂಬುದು ಬಳಿಕ ಸ್ಪಷ್ಟವಾಯಿತು. ಸಾಬೂನಿನಿಂದ ಕೈ ತೊಳೆಯುವುದು ಎಂದಿಗೂ ಒಳ್ಳೆಯದೇ; ಆದರೆ ಶೆಡ್ಡಿನ ಎದುರುಬದುರು ಗೋಡೆಗಳಲ್ಲಿ ಎರಡು ಕಿಟಕಿಗಳನ್ನು ಇರಿಸುವುದು ಚೀಲ ತೊಳೆಯುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ. ಬಯಲಿನಲ್ಲಿ ಕಬ್ಬಿಣ ಕಟ್ಟುವವನಿಗಿಂತ, ನೆಲಮಾಳಿಗೆಯಲ್ಲಿ ಗಿಲಾಯಿ ಮಾಡುವವನಿಗೂ ಜನ ತುಂಬಿದ ಲಿಫ್ಟಿನಲ್ಲಿ ಮೇಲೇರುವವನಿಗೂ ಮಾಸ್ಕಿನ ಅಗತ್ಯ ಅಧಿಕ. ಊಟದ ವಿರಾಮವನ್ನು ತಂಡತಂಡವಾಗಿ ಕೊಡುವುದರಿಂದ ಮೇಸ್ತ್ರಿಗೆ ನಷ್ಟವೇನೂ ಇಲ್ಲ.

ಮಳೆಗಾಲದ ಮುಂಬಯಿಯಲ್ಲಿ ಜ್ವರವೆಲ್ಲ ಕೋವಿಡ್ ಅಲ್ಲ. ಕ್ಯೂರಿಂಗ್ ನೀರು, ತೆರೆದ ಟ್ಯಾಂಕು, ಅರ್ಧಕ್ಕೆ ನಿಂತ ನೆಲಮಾಳಿಗೆಗಳಲ್ಲಿ ಮಲೇರಿಯಾ ಮತ್ತು ಡೆಂಗೆ ಹರಡುವ ಸೊಳ್ಳೆಗಳು ಹುಟ್ಟುತ್ತವೆ. ಈ ನಗರದ ಬಾವಿ, ತೊಟ್ಟಿಗಳಿಗೂ ಮಲೇರಿಯಾಕ್ಕೂ ಇರುವ ನಂಟನ್ನು ಬೆಂಟ್ಲಿ ಎಂಬ ಅಧಿಕಾರಿ 1911ರಲ್ಲಿಯೇ ತಮ್ಮ ವರದಿಯಲ್ಲಿ ವಿವರಿಸಿದ್ದರು. ಆದುದರಿಂದ ಜ್ವರ ಬಂದವನ ರಕ್ತಪರೀಕ್ಷೆಯೂ ಆಗಲೇಬೇಕು. ತಿಂಗಳುಗಟ್ಟಲೆ ನಿಂತ ಕೆಲಸವನ್ನು ಮತ್ತೆ ಆರಂಭಿಸುವಾಗ ಸಾರವೆಯ ಹಗ್ಗ, ಕ್ಲಾಂಪು, ಅಗೆದ ಕಂದಕದ ಬದಿ ಇವುಗಳನ್ನು ಪರೀಕ್ಷಿಸದೆ ಯಾರನ್ನೂ ಅಲ್ಲಿಗೆ ಕಳುಹಿಸಬಾರದು.

ಆದರೆ ಇವೆಲ್ಲಕ್ಕೂ ಮಿಗಿಲಾದ ವಿಷಯವು ಕೂಲಿಯದು. ದಿನಗೂಲಿಯವನು ಜ್ವರವನ್ನು ಏಕೆ ಮುಚ್ಚಿಡುತ್ತಾನೆ? ಹೇಳಿದರೆ ಅಂದಿನ ಹಾಜರಿ ಹೋಗುತ್ತದೆ. ನಾಳೆ ಅವನ ಜಾಗದಲ್ಲಿ ಬೇರೊಬ್ಬನಿರುತ್ತಾನೆ. ಅವನನ್ನು ಅಜ್ಞಾನಿಯೆಂದು ಜರೆಯುವವರು ಒಂದು ವಾರ ಅವನ ಲೆಕ್ಕವನ್ನು ಬರೆದು ನೋಡಲಿ. 2021ರ ಏಪ್ರಿಲ್‌ನ ರಾಜ್ಯ ಆದೇಶವು ಈ ಗಂಟನ್ನು ಸರಿಯಾಗಿ ಗುರುತಿಸಿತ್ತು: ಸೋಂಕು ತಗುಲಿದ ಕಾರ್ಮಿಕನಿಗೆ ವೈದ್ಯಕೀಯ ರಜೆ ನೀಡಬೇಕು, ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯಕೂಡದು, ಪೂರ್ಣ ಕೂಲಿಯನ್ನು ಸಲ್ಲಿಸಬೇಕು. ನಿಯಮ ಮುರಿದ ನಿರ್ಮಾಣಗಾರರಿಗೆ 10,000 ರೂಪಾಯಿ ದಂಡವನ್ನೂ ಅದು ವಿಧಿಸಿತ್ತು. ಆ ಆದೇಶದ ಅವಧಿ ಮುಗಿದಿದೆ. ಅದರ ನೀತಿಯನ್ನು ಮುಂದುವರಿಸಲು ಮುಕಾದಮರಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ನಾಕಾದಲ್ಲಿ ನಿಂತು ದಿನಕ್ಕೊಬ್ಬ ಧಣಿಯನ್ನು ಕಾಣುವವರ ಪಾಡು ಬೇರೆ. 1996ರ ಕಾಯಿದೆಗಳ ಅನ್ವಯ ನಿರ್ಮಾಣ ವೆಚ್ಚದ ಮೇಲೆ ವಿಧಿಸಲಾದ ಸುಂಕವು ಕಲ್ಯಾಣ ಮಂಡಳಿಗೆ ಸೇರುತ್ತಿತ್ತು. ಆ ನಿಧಿಯಿಂದ ಮಹಾರಾಷ್ಟ್ರದಲ್ಲಿ 2020ರಲ್ಲಿ ಮೊದಲಿಗೆ 2,000 ರೂಪಾಯಿ, 2021ರಲ್ಲಿ 1,500 ರೂಪಾಯಿ ನೆರವು ನೀಡಲಾಯಿತು. ಆದರೆ ಅದು ನೋಂದಾಯಿತರಿಗೆ ಮಾತ್ರ. ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಮೂವತ್ತು ಕಡೆ ಮೂರು ಮೂರು ದಿನ ದುಡಿದವನಿಗೆ ಆ ಕಾಗದ ಕೊಡುವವರು ಯಾರು? ಕಾಯಿದೆಯ ವಿಷಯಗಳು ಈಗ 2020ರ ಕಾರ್ಮಿಕ ಸಂಹಿತೆಗಳೊಳಗೆ ಸೇರಿದ್ದರೂ 90 ದಿನಗಳ ಷರತ್ತು ಉಳಿದಿದೆ. ಈ ಸಭೆಯಲ್ಲಿರುವ ಮುಕಾದಮರು ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬನ ಹೆಸರು, ಊರು, ದಿನಾಂಕಗಳನ್ನು ಬರೆದಿಡಲಿ. ಕೆಲಸ ಬಿಟ್ಟು ಹೋಗುವ ದಿನ ಅದರ ಪ್ರತಿಯೊಂದನ್ನು ಸಹಿ ಮಾಡಿ ಅವನ ಕೈಗೆ ಕೊಡಲಿ.