ಕೊನೆಯ ಮನೆಗೆ ಗಾಜಿನ ಎಳೆ

(ವಲಯದ ಯುವಕ ರೈತರ ಶಿಬಿರದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಶಿಬಿರದಲ್ಲಿ ಆಡಿದ ಈ ಮಾತುಗಳನ್ನು, ಅಲ್ಲಿಗೆ ಬರಲಾಗದ ನಿಮಗೂ ತಲುಪಲೆಂದು ಇಲ್ಲಿ ಅಚ್ಚಿಗೆ ಕೊಟ್ಟಿದ್ದೇನೆ. ನಾನು ಕಲಿತದ್ದು ಕೃಷಿ ಡಿಪ್ಲೊಮಾ. ಅಡಿಕೆಯ ಕೊಳೆ, ಭತ್ತದ ಬೆಂಕಿರೋಗ, ಹುಳಿಮಣ್ಣಿಗೆ ಸುಣ್ಣ ಹಾಕುವ ಕ್ರಮ ಇವುಗಳನ್ನು ಕೇಳಿದರೆ ಒಂದಿಷ್ಟು ಹೇಳಬಲ್ಲೆ. ಆದರೆ ಈಚೆಗೆ ನಾನು ಯಾವ ಮನೆಯ ಜಗುಲಿಯಲ್ಲಿ ಕುಳಿತರೂ ಮೊದಲು ಬರುವ ಪ್ರಶ್ನೆ ಒಂದೇ: "ನಮ್ಮ ಮನೆಗೆ ಫೈಬರ್ ಬರುತ್ತದೆಯೇ?" ಈ ವಿಷಯದಲ್ಲಿ ನಾನು ಕಲಿತದ್ದನ್ನೂ, ಕಲಿಯುವ ಮೊದಲು ಮಾಡಿದ ಒಂದು ತಪ್ಪನ್ನೂ ನಿಮ್ಮ ಮುಂದಿಡುತ್ತೇನೆ.

ಬಯಲುಸೀಮೆಯಲ್ಲಿ ಊರೆಂದರೆ ಮನೆಗೆ ಮನೆ ತಾಗಿ ನಿಂತಿರುತ್ತದೆ. ನಮ್ಮ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಸಿದ್ದಾಪುರದ ಕಡೆ ಹಾಗಲ್ಲ. ಗುಡ್ಡದ ಬುಡಕ್ಕೊಂದು ತೋಟ, ತೋಟದ ತಲೆಗೊಂದು ಮನೆ. ಗೋಪುರದಿಂದ ಬರುವ ಮೊಬೈಲ್ ಅಲೆಯನ್ನು ಗುಡ್ಡ ತಡೆಯುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳು ಗುಡ್ಡದ ನೆತ್ತಿಗೆ ಹೋಗಿ, ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದ್ದನ್ನು ನೀವು ಮರೆತಿರಲಾರಿರಿ.

ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ಕೇಬಲ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತದ್ದು 2011ರಲ್ಲಿ. ಸುಮಾರು ಎರಡೂವರೆ ಲಕ್ಷ ಪಂಚಾಯತಿಗಳ ಈ ಯೋಜನೆಗೆ 2015ರಲ್ಲಿ ಭಾರತ್‌ನೆಟ್ ಎಂದು ಹೆಸರಾಯಿತು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಗೆ ಮಂಜೂರಾತಿ ದೊರೆಯಿತು. ಆದರೆ ಪಂಚಾಯತಿ ಕಚೇರಿಗೆ ಬಂದದ್ದು ಕೊನೆಯ ಮನೆಗೆ ಬಂದಂತಲ್ಲ. ದೊಡ್ಡ ನಾಲೆಯಲ್ಲಿ ನೀರು ಹರಿದರೆ ಸಾಕೇ? ಗದ್ದೆಗೆ ಕಾಲುವೆ ತೋಡುವವರು ನಾವೇ ಅಲ್ಲವೇ?

ನಾನು ಹೇಳಹೊರಟ ಮನೆ ಅಂತಹ ಕಾಲುವೆಯ ತುದಿಯ ಮನೆ. ಎರಡು ಎಕರೆ ಅಡಿಕೆ ತೋಟ, ವಯಸ್ಸಾದ ತಾಯಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಒಬ್ಬನೇ ಮಗ. ಮನೆಯಲ್ಲಿ ಒಳ್ಳೆಯ ಸಂಪರ್ಕವಿದ್ದರೆ ಊರಿನಿಂದಲೇ ಕೆಲಸ ಮಾಡಲು ಅವನ ಕಂಪನಿ ಒಪ್ಪಿತ್ತು. ಇಲ್ಲವಾದರೆ ತೋಟವನ್ನು ಗೇಣಿಗೆ ಕೊಟ್ಟು, ಮನೆಗೆ ಬೀಗ ಹಾಕಿ, ತಾಯಿಯನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ಆ ತಾಯಿ ನನ್ನೊಡನೆ ಹೇಳಿದ್ದು ಇಷ್ಟೇ: "ಅವನನ್ನು ಇಲ್ಲೇ ಇರು ಎಂದು ನಾನು ಹೇಳುವುದಿಲ್ಲ ತಮ್ಮಾ. ಹೋಗಲೇಬೇಕು ಎನ್ನುವುದಕ್ಕೆ ಒಂದು ಕಾರಣ ಕಡಿಮೆಯಾದರೆ ಸಾಕು."

ಕೇಬಲ್ ಬಂದು ನಿಂತಿದ್ದ ಕೊನೆಯ ಪೆಟ್ಟಿಗೆಯಿಂದ ಆ ಮನೆಗೆ ಹತ್ತಿರದ ದಾರಿ ಪಕ್ಕದವರ ತೋಟದ ಮೂಲಕ, ಸುಮಾರು ಆರುನೂರು ಮೀಟರು. ಆದರೆ ಎರಡು ಮನೆಗಳ ನಡುವೆ ಅಗಳಿನ ಗಡಿಯ ವಿಚಾರದಲ್ಲಿ ಹಳೆಯ ಮನಸ್ತಾಪ. "ಆ ಸುದ್ದಿಯೇ ಬೇಡ" ಎಂದರು. ನಾನೂ ಹೂಂ ಎಂದೆ. ಸುತ್ತುದಾರಿಯಲ್ಲಿ, ಅವರ ಸ್ವಂತ ತೋಟದ ಅಡಿಕೆಮರಗಳಿಗೇ ಕೇಬಲ್ ಕಟ್ಟಿಸಿದರೆ ಹದಿನೈದು ದಿನದಲ್ಲಿ ಕೆಲಸ ಮುಗಿಯುತ್ತದೆಂದು ಸಲಹೆ ಕೊಟ್ಟವನು ನಾನೇ. ಬೇಸಗೆಯಲ್ಲಿ ಸಂಪರ್ಕ ಬಂತು. ಮಗ ಊರಿಗೆ ಬಂದ. ನನಗೂ ಹೆಮ್ಮೆಯಾಯಿತು.

ಮಳೆ ಹಿಡಿಯಿತು. ಗಾಳಿಗೆ ಮರಗಳು ತೂಗಿದಂತೆಲ್ಲ ಕೇಬಲ್ ಜಗ್ಗಿತು. ಕೊಳೆ ಔಷಧಿ ಹೊಡೆಯಲು ಮರವೇರಿದ ಕೊನೆಗೌಡರು ಒಂದು ಮರದಿಂದ ಮತ್ತೊಂದಕ್ಕೆ ದಾಟುವಾಗ ಅವರ ಕಾಲಿಗೆ ಅದು ಸಿಕ್ಕಿಕೊಂಡಿತು. ಕೈ ಮರವನ್ನು ಬಿಡಲಿಲ್ಲ, ಅವರು ಬದುಕಿದರು. ಕೇಬಲ್ ಹರಿಯಿತು. ಹದಿನೈದು ದಿನದ ಕೆಲಸವೆಂದು ಬೀಗಿದ ನಾನು ಆ ಮರದ ಬುಡದಲ್ಲಿ ತಲೆ ತಗ್ಗಿಸಿ ನಿಂತೆ. ಮರ ಹತ್ತುವವರು ಇರುವ ತೋಟದಲ್ಲಿ ಮರಕ್ಕೆ ಕೇಬಲ್ ಕಟ್ಟಬಾರದೆಂಬುದು ಕೃಷಿ ಕಲಿತ ನನಗೆ ಮೊದಲು ಹೊಳೆಯಬೇಕಾಗಿತ್ತು. ಮಗ ಬೆಂಗಳೂರಿಗೆ ಹಿಂತಿರುಗಿದ.

ಆಮೇಲೆ ನಾನು ಪಕ್ಕದ ಮನೆಯ ಹಿರಿಯರ ಬಳಿಗೆ ಹೋದೆ. ಬೈಯುತ್ತಾರೆಂದು ಅಂಜಿಕೊಂಡೇ ಹೋದೆ. ಅವರು ಕವಳ ಹಾಕಿಕೊಳ್ಳುತ್ತ, "ಅಲ್ಲ ಮಾರಾಯ, ನಾನು ಬೇಡ ಎಂದೆ ಎಂದು ಎಲ್ಲರೂ ಹೇಳುತ್ತೀರಿ. ನನ್ನನ್ನು ಕೇಳಿದವರು ಯಾರು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಷರತ್ತು ಎರಡೇ. ಕೇಬಲ್ ಹಾದುಹೋದ ಮಾತ್ರಕ್ಕೆ ನೆಲದ ಮೇಲೆ ಯಾರಿಗೂ ಹಕ್ಕು ಬರುವುದಿಲ್ಲವೆಂದು ಕಾಗದದಲ್ಲಿ ಬರೆಯಬೇಕು. ತಮ್ಮ ಮನೆಗೂ ಒಂದು ಸಂಪರ್ಕ ಬೇಕು, ಮೊಮ್ಮಕ್ಕಳು ರಜೆಗೆ ಬಂದರೆ ಎರಡು ದಿನವೂ ನಿಲ್ಲುತ್ತಿಲ್ಲ.

ದೀಪಾವಳಿ ಕಳೆದ ಮೇಲೆ ಮೂರು ಭಾನುವಾರ ಶ್ರಮದಾನ ನಡೆಯಿತು. ಎರಡಡಿ ಆಳದ ಚರಂಡಿ ತೋಡಿ, ಪೈಪು ಹೂತು, ಅದರೊಳಗೆ ಕೇಬಲ್ ಎಳೆದೆವು. ಹಳ್ಳ ದಾಟುವಲ್ಲಿ ಸಂಕದ ಪಕ್ಕಕ್ಕೆ ಕಬ್ಬಿಣದ ಪೈಪು ಬಿಗಿದೆವು. ಕೊನೆಗೌಡರೂ ಗುದ್ದಲಿ ಹಿಡಿದು ಬಂದಿದ್ದರು. ದಾರಿಯಲ್ಲಿದ್ದ ಅವರ ಮನೆಯೂ ಸೇರಿ ಮೂರು ಮನೆಗಳು ಖರ್ಚು ಹಂಚಿಕೊಂಡವು.

ಇನ್ನು ಈ ಎಳೆಯ ಗುಣವನ್ನು ತಿಳಿಯೋಣ. ಕೇಬಲ್ಲಿನೊಳಗಿನ ಗಾಜಿನ ದಪ್ಪ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಬೆಳಕನ್ನು ಬಹುದೂರ ಒಯ್ಯಬಹುದೆಂದು ಚಾರ್ಲ್ಸ್ ಕಾವೋ ಎಂಬ ವಿಜ್ಞಾನಿ 1966ರಲ್ಲಿ ತೋರಿಸಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಇಂದಿನ ಎಳೆಯಲ್ಲಿ ಬೆಳಕು ಎಂಟು ಕಿಲೋಮೀಟರು ಸಾಗಿದ ಮೇಲೂ ಸುಮಾರು ಅರ್ಧ ಉಳಿದಿರುತ್ತದೆ. ಆದ್ದರಿಂದ "ನಿಮ್ಮ ಮನೆ ಒಂದು ಕಿಲೋಮೀಟರು ದೂರ, ಬೆಳಕು ಸಾಲದು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದೂರದಿಂದ ಹೆಚ್ಚುವುದು ಖರ್ಚು. ಬೆಳಕು ಸೋರುವುದು ಕೆಟ್ಟ ಬೆಸುಗೆಯಲ್ಲಿ, ಕೊಳೆಯಾದ ತುದಿಯಲ್ಲಿ ಮತ್ತು ಮೊಳೆಯ ಸುತ್ತ ಮಡಚಿದ ತಿರುವಿನಲ್ಲಿ. ಕಸಿ ಕಟ್ಟುವಾಗ ಕೊಂಬೆಯೂ ಬುಡವೂ ಸರಿಯಾಗಿ ಕೂಡದಿದ್ದರೆ ಚಿಗುರೊಡೆಯುವುದೇ? ಬೆಸುಗೆಯೂ ಹಾಗೆಯೇ.

ನೀವು ಈ ಕೆಲಸಕ್ಕೆ ಕೈಹಾಕುವುದಾದರೆ ಈ ಕ್ರಮ ಅನುಸರಿಸಿ.

ಒಂದನೆಯದಾಗಿ, ಹತ್ತಿರದ ಸಂಪರ್ಕ ಪೆಟ್ಟಿಗೆ ಎಲ್ಲಿದೆ, ಅದರಲ್ಲಿ ಖಾಲಿ ಜಾಗವಿದೆಯೇ ಎಂದು ಪಂಚಾಯತಿಯಲ್ಲೂ ಸಂಪರ್ಕ ಕೊಡುವವರಲ್ಲೂ ವಿಚಾರಿಸಿ.

ಎರಡನೆಯದಾಗಿ, ದಾರಿಯನ್ನು ನಡೆದು, ಹಗ್ಗ ಹಿಡಿದು ಅಳೆಯಿರಿ. ಯಾರ ನೆಲ, ಎಲ್ಲಿ ಹಳ್ಳ, ಎಲ್ಲಿ ಬಂಡೆ ಎಂಬುದನ್ನು ಒಂದು ಹಾಳೆಯ ಮೇಲೆ ಗುರುತಿಸಿ.

ಮೂರನೆಯದಾಗಿ, ಆ ಹಾಳೆಯಲ್ಲಿ ಹೆಸರಿರುವ ಪ್ರತಿಯೊಬ್ಬರ ಮನೆಗೂ ಹೋಗಿ ಕೇಳಿ. ಮಾತು ಬಿಟ್ಟಿರುವ ಮನೆಗೆ ಮೊದಲು ಹೋಗಿ. ಒಪ್ಪಿದ್ದನ್ನು ಬರೆದಿಡಿ. ದಾರಿ ಕಾಡಿನ ನೆಲದಲ್ಲಿ ಹಾದರೆ ಅರಣ್ಯ ಇಲಾಖೆಯ ಅನುಮತಿ, ವಿದ್ಯುತ್ ಕಂಬ ಬಳಸುವುದಾದರೆ ವಿದ್ಯುತ್ ಕಂಪನಿಯ ಅನುಮತಿ ಇರತಕ್ಕದ್ದು.

ನಾಲ್ಕನೆಯದಾಗಿ, ಸಾಧ್ಯವಿದ್ದಲ್ಲಿ ಪೈಪಿನೊಳಗೆ ಹೂಳಿ, ಇಲ್ಲದಲ್ಲಿ ಕಂಬ ನೆಡಿ. ಜನ ಹತ್ತುವ ಮರಕ್ಕೆ ಎಂದಿಗೂ ಕಟ್ಟಬೇಡಿ. ಎರಡೂ ತುದಿಯಲ್ಲಿ ಕೆಲವು ಮೀಟರು ಹೆಚ್ಚಿನ ಕೇಬಲ್ಲನ್ನು ಅಗಲವಾದ ಸುರುಳಿಯಾಗಿ ಉಳಿಸಿ. ಹರಿದಾಗ ಮತ್ತೆ ಬೆಸೆಯಲು ಅದು ಬೇಕಾಗುತ್ತದೆ.

ಐದನೆಯದಾಗಿ, ಕೆಲಸ ಮುಗಿದ ದಿನ ಮೀಟರಿನಲ್ಲಿ ಬೆಳಕನ್ನು ಅಳೆದು ತೋರಿಸಲು ಹೇಳಿ, ಅಂಕಿಯನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ನಿಲ್ಲುವುದಿಲ್ಲ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಮುಂದೆ ತೊಂದರೆಯಾದಾಗ ಹಳೆಯ ಅಂಕಿ ನಿಮ್ಮ ಸಾಕ್ಷಿ. ಎಳೆಯ ತುದಿಗೆ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಕೆಡುಕು.

ಆರನೆಯದಾಗಿ, ಮನೆಯೊಳಗಿನ ಪೆಟ್ಟಿಗೆಗೆ ಕರೆಂಟು ಬೇಕು. ಮಳೆಗಾಲದ ನಮ್ಮ ಕರೆಂಟನ್ನು ನಂಬಿ ಕೂರದೆ ಒಂದು ಸಣ್ಣ ಬ್ಯಾಟರಿ ಇಡಿ. ಗಾಜು ಸಿಡಿಲನ್ನು ಒಯ್ಯದು. ಆದರೆ ಕೇಬಲ್ಲಿನಲ್ಲಿ ಉಕ್ಕಿನ ತಂತಿಯಿದ್ದರೆ ಅದೂ, ಕರೆಂಟಿನ ವಯರೂ ಒಯ್ಯುತ್ತವೆ. ಗುಡುಗು ಕೇಳುವ ಮುನ್ನವೇ ಮೋಡ ನೋಡಿ ಪ್ಲಗ್ ತೆಗೆಯಿರಿ.

ಈಗ ಆ ಮಗ ತಿಂಗಳಲ್ಲಿ ಇಪ್ಪತ್ತು ದಿನ ಊರಿನಲ್ಲಿರುತ್ತಾನೆ. ಮುಂದೆ ಏನಾಗುವುದೋ ಅವನಿಗೂ ಗೊತ್ತಿಲ್ಲ. ಗಾಜಿನ ಎಳೆ ಯಾರನ್ನೂ ಮನೆಗೆ ಕಟ್ಟಿಹಾಕದು. ಆದರೆ ಈ ವರ್ಷ ಆ ಮನೆಗೆ ಬೀಗ ಬೀಳಲಿಲ್ಲ. ತೋಟಕ್ಕೆ ಔಷಧಿ ಹೊತ್ತಿಗೆ ಸರಿಯಾಗಿ ಬಿತ್ತು. ಅಗಳಿನ ಗಡಿಯ ವಿಚಾರ ಇನ್ನೂ ತೀರ್ಮಾನವಾಗಿಲ್ಲ, ಆದರೂ ಎರಡು ಮನೆಯವರು ಅದರ ಆಚೀಚೆ ನಿಂತು ಮಾತನಾಡುವುದನ್ನು ಕಂಡಿದ್ದೇನೆ.

ಬಾಂಧವರೇ, ನಿಮ್ಮ ಊರಿನಲ್ಲೂ ಅಂತಹ ಕೊನೆಯ ಮನೆ ಇದ್ದೀತು. ಹಗ್ಗ ಹಿಡಿದು ಅಳೆಯುವ ದಿನ ನನಗೂ ಹೇಳಿ ಕಳುಹಿಸಿ, ಬರುತ್ತೇನೆ. ಆದರೆ ಪಕ್ಕದ ಮನೆಯವರನ್ನು ಕೇಳುವ ಕೆಲಸವನ್ನು ಅದಕ್ಕೂ ಮೊದಲೇ ಮುಗಿಸಿರಿ.