ಹೊಳೆ ಇಳಿದ ಮೇಲೆ

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆಗಳು ಒಟ್ಟಿಗೇ ದಡ ಮೀರಿದವು. ಚಿಕ್ಕೋಡಿ, ಗೋಕಾಕ, ಮುಧೋಳ, ರಾಮದುರ್ಗದ ಕಡೆ ಸಾವಿರಾರು ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟವು. ಅದಕ್ಕೆ ಒಂದು ವರ್ಷ ಮೊದಲು, ಅದೇ ಆಗಸ್ಟಿನಲ್ಲಿ, ಕೊಡಗಿನ ಜೋಡುಪಾಲ, ಮಕ್ಕಂದೂರಿನ ಸುತ್ತ ಗುಡ್ಡಗಳು ಕುಸಿದಿದ್ದವು. ಗುಡ್ಡ ಜಾರಲು ಕೆಲವೇ ನಿಮಿಷ ಸಾಕು. ಅಲ್ಲಿ ಜೀವ ಉಳಿಯಬೇಕಾದರೆ ಮುಂಚೆಯೇ ಜಾಗ ಖಾಲಿ ಮಾಡಿರಬೇಕು. ಕೃಷ್ಣೆಯ ಬಯಲಿನಲ್ಲಿ ಹಾಗಿಲ್ಲ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯ ಗೇಟು ಎತ್ತಿದರೂ ಆ ನೀರು ನಮ್ಮ ಗಡಿ ಮುಟ್ಟಲು ಹಲವು ತಾಸು ಹಿಡಿಯುತ್ತದೆ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟೆಯ ಕೆಳಗಿನ ಊರುಗಳಿಗೆ ಅಷ್ಟು ಹೊತ್ತು ಸಿಗದಿದ್ದರೂ ಸ್ವಲ್ಪವಾದರೂ ಸಿಗುತ್ತದೆ.

ಆ ತಾಸುಗಳು ಹೇಗೆ ಕಳೆದುಹೋಗುತ್ತವೆ? ಡಂಗುರ ಹೊಡೆದರೂ, ಮೈಕಿನಲ್ಲಿ ಕೂಗಿದರೂ ಜನ ಕದಲುವುದಿಲ್ಲ ಎಂದು ಅಧಿಕಾರಿಗಳು ಬೇಸರಪಡುತ್ತಾರೆ. ಜನ ಕದಲದಿರಲು ದೊಡ್ಡ ಕಾರಣ ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಎರಡು ಎಮ್ಮೆ, ಒಂದು ಜೋಡಿ ಎತ್ತು, ನಾಲ್ಕು ಆಡು: ಮನೆಯ ಜೀವನವೇ ಅವುಗಳ ಮೇಲೆ ನಿಂತಿರುವಾಗ ಅವನ್ನು ಬಿಟ್ಟು ಬನ್ನಿ ಎಂದರೆ ಯಾರು ಬಂದಾರು? ಆದ್ದರಿಂದ ಊರಿನ ಸಿದ್ಧತೆ ದನಗಳಿಂದಲೇ ಶುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವ ದಿನ್ನೆಯ ಮೇಲೆ ಕಟ್ಟುವುದು, ಮೇವು ಯಾರ ಬಣವೆಯಿಂದ ಬರುವುದು, ಯಾರ ಟ್ರ್ಯಾಕ್ಟರು ಎಂಬುದನ್ನು ಮುಂಗಾರಿಗೆ ಮುಂಚೆ ಗ್ರಾಮಸಭೆಯಲ್ಲೇ ತೀರ್ಮಾನಿಸಬೇಕು. ದನಕ್ಕೆ ದಾರಿಯಾದರೆ ಜನ ತಾವಾಗಿಯೇ ಹೊರಡುತ್ತಾರೆ.

ಮನೆಯ ಸಿದ್ಧತೆಗೆ ಒಂದು ಚೀಲ ಸಾಕು. ಆಧಾರ್, ರೇಷನ್ ಕಾರ್ಡು, ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರಲ್ಲಿರಲಿ. ಜೊತೆಗೆ ಟಾರ್ಚು, ಸೋಪು, ಹೆಣ್ಣುಮಕ್ಕಳಿಗೆ ಬೇಕಾದ ಬಟ್ಟೆ, ಬಿಪಿ–ಸಕ್ಕರೆ ಕಾಯಿಲೆಯವರ ಎರಡು ವಾರದ ಮಾತ್ರೆ, ಅವುಗಳ ಚೀಟಿ. ಚೀಟಿಯನ್ನು ಮರೆಯಬೇಡಿ, ಕಾಳಜಿ ಕೇಂದ್ರದಲ್ಲಿ ವೈದ್ಯರು ಏನು ಕೊಡಬೇಕೆಂದು ತಿಳಿಯುವುದು ಅದರಿಂದಲೇ. ಇನ್ಸುಲಿನ್ ತೆಗೆದುಕೊಳ್ಳುವವರು ಕರೆಂಟು ಹೋದಾಗ ಅದನ್ನು ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ, ಹಸಿ ಮಣ್ಣಿನ ಮಡಕೆಯ ತಂಪಿನಲ್ಲಿ ಇಡಬಹುದು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ವಿಷಯ ನೀರಿನದು. ನೆರೆ ಬಂದಾಗ ಎಲ್ಲರ ಕಣ್ಣೂ ಹೊಳೆಯ ಮೇಲಿರುತ್ತದೆ. ಹೊಳೆ ಇಳಿದು ಟೀವಿಯವರು ಹೊರಟ ಮೇಲೆ ಬಾವಿ, ಬೋರ್‌ವೆಲ್, ಒಡೆದ ಪೈಪುಗಳೊಳಗೆ ಶೌಚಗುಂಡಿಯ ನೀರು ಬೆರೆತಿರುತ್ತದೆ. ವಾಂತಿಭೇದಿ ಶುರುವಾಗುವುದು ಆಗ. ಕುದಿಸುವುದಾದರೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷವಾದರೂ ಒಲೆಯ ಮೇಲಿರಲಿ. ಸೌದೆ ನೆನೆದಿದ್ದರೆ ಆಶಾ ಕಾರ್ಯಕರ್ತೆಯಿಂದ ಕ್ಲೋರಿನ್ ಮಾತ್ರೆ ಪಡೆಯಿರಿ. ಕೆಂಪು ನೀರಿಗೆ ನೇರವಾಗಿ ಹಾಕಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ; ಮೊದಲು ನೀರನ್ನು ತಿಳಿಯಾಗಲು ಬಿಟ್ಟು, ಮಡಚಿದ ಹತ್ತಿಬಟ್ಟೆಯಲ್ಲಿ ಸೋಸಬೇಕು. ಮಾತ್ರೆ ಹಾಕಿ ಅರ್ಧ ತಾಸು ಮುಚ್ಚಿಡಬೇಕು. ಎಷ್ಟು ನೀರಿಗೆ ಎಷ್ಟು ಮಾತ್ರೆ ಎಂಬುದು ಪೊಟ್ಟಣದ ಮೇಲೆಯೇ ಇರುತ್ತದೆ.

ಭೇದಿ ಹತ್ತಿಯೇಬಿಟ್ಟರೆ? 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕರೊಳಗೆ ಇಳಿಯಿತು. ಇಂದು ಓಆರ್‌ಎಸ್ ಪೊಟ್ಟಣವಾಗಿ ಅಂಗನವಾಡಿಯಲ್ಲಿ ಸಿಗುವುದು ಇದೇ ಬಗೆಯ ಮಿಶ್ರಣ. ತಾಯಂದಿರು ಕುಡಿಸಬಲ್ಲರು ಎಂದು ಆ ವೈದ್ಯರು ನಂಬಿದ್ದರಲ್ಲ, ಅದು ನನಗೆ ಆ ಔಷಧಿಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಕಣ್ಣಳತೆ ಇಲ್ಲಿ ಬೇಡ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಗುಟುಕು ಗುಟುಕಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ.

ಕೆಸರು ಬಳಿಯುವಾಗ ಬೂಟು ಹಾಕಿಕೊಳ್ಳಿ. 2018ರ ನೆರೆಯ ನಂತರ ಕೇರಳದಲ್ಲಿ ಇಲಿಜ್ವರ ಹಬ್ಬಿತ್ತು. ಕಾಲಿನ ಸಣ್ಣ ಗಾಯವೇ ಅದಕ್ಕೆ ಬಾಗಿಲು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಭಾಗ ಅಲುಗದಂತೆ ಹಿಡಿದು ಆಸ್ಪತ್ರೆಗೆ ಒಯ್ಯಿರಿ.

ಮುಳುಗಿದ ಬಾವಿಯ ಹಳೆ ನೀರನ್ನು ಮೊದಲು ಎತ್ತಿ ಹಾಕಬೇಕು. ಆಮೇಲೆ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಬೇರೆ ಬಕೆಟ್ಟಿಗೆ ಬಸಿದು, ಹಗ್ಗದಲ್ಲಿ ಬಾವಿಗೆ ಇಳಿಸಿ ಕಲಕಬೇಕು. ಸಾಮಾನ್ಯ ದಿನಗಳಲ್ಲಿ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಸಾಕು; ನೆರೆಯ ಬಾವಿಗೆ ಹೆಚ್ಚು ಬೇಕು, ಎಷ್ಟೆಂದು ಆರೋಗ್ಯ ಸಿಬ್ಬಂದಿ ಲೆಕ್ಕ ಹಾಕಿ ಹೇಳುತ್ತಾರೆ. ಒಂದು ತಾಸಿನ ನಂತರವೂ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಂಚಾಯ್ತಿಯವರು ಅದನ್ನು ನಿಮ್ಮೆದುರೇ ಪರೀಕ್ಷಿಸಲಿ, ಕೇಳಿ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ.