ಬೆಂಕಿಯ ನಂತರದ ಮೊದಲ ಮಳೆ

2019ರ ಫೆಬ್ರವರಿಯಲ್ಲಿ ಬಂಡೀಪುರದ 4,000 ಹೆಕ್ಟೇರಿಗೂ ಮಿಕ್ಕ ಅರಣ್ಯ ಸುಟ್ಟಾಗ ಮರ, ಮೃಗಗಳ ಮಾತೇ ಎಲ್ಲೆಡೆ ಕೇಳಿಬಂದಿತು. ಮಣ್ಣನ್ನು ನೆನೆದವರು ವಿರಳ.

ದರಗು ಉರಿಯುವಾಗ ಎಲೆಗಳಲ್ಲಿನ ಮೇಣದಂಥ ಅಂಶಗಳು ಆವಿಯಾಗಿ ನೆಲಕ್ಕಿಳಿದು, ತಣ್ಣಗಿರುವ ಮಣ್ಣಿನ ಕಣಗಳಿಗೆ ಲೇಪವಾಗುತ್ತವೆ. ಉರಿ ತೀವ್ರವಾಗಿದ್ದಲ್ಲಿ ಕೆಲವೇ ಸೆಂಟಿಮೀಟರ್ ಆಳದಲ್ಲಿ ನೀರನ್ನು ಒಲ್ಲದ ಪದರವೊಂದು ಮೂಡುತ್ತದೆ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಮಳೆನೀರು ಅಲ್ಲಿ ಇಂಗದೆ ಜಾರುತ್ತದೆ. ಮಲೆನಾಡಿನ ನೆಲಬೆಂಕಿಯಲ್ಲಿ ಈ ಪದರ ಎಲ್ಲ ಕಡೆಯೂ ಮೂಡದು. ಆದರೆ ದರಗಿನ ಹೊದಿಕೆ ಹೋದುದಷ್ಟೇ ಸಾಕು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ದಪ್ಪ ಹನಿಗಳು ಬೆತ್ತಲೆ ನೆಲವನ್ನು ಬಡಿಯುತ್ತವೆ. ಬೂದಿ ಮತ್ತು ನುಣುಪು ಮಣ್ಣು ಸೇರಿ ನೆಲದ ರಂಧ್ರಗಳನ್ನು ಮುಚ್ಚುತ್ತವೆ. ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ಬೂದಿ ಗೊಬ್ಬರವಲ್ಲವೇ ಎಂಬ ವಾದವುಂಟು. ಪೊಟ್ಯಾಷ್, ಸುಣ್ಣ ಅದರಲ್ಲಿರುವುದು ನಿಜ. ಸಾರಜನಕದ ದೊಡ್ಡ ಪಾಲು ಮಾತ್ರ ಹೊಗೆಯೊಂದಿಗೇ ಹೋಗಿರುತ್ತದೆ. ಉಳಿದುದನ್ನೂ ಮೊದಲ ಮಳೆಯೇ ಹಳ್ಳಕ್ಕೆ ಒಯ್ದರೆ ಬೆಟ್ಟಕ್ಕೆ ದಕ್ಕುವುದೇನು? ಕೆಳಗಿನ ಕೆರೆಗೆ ಹೂಳು, ಒರತೆಗೆ ಬರ.

ಆದುದರಿಂದ ಸುಟ್ಟ ಇಳಿಜಾರಿನಲ್ಲಿ ಮಳೆಗೆ ಮುನ್ನವೇ ಬಿದ್ದ ಕೊಂಬೆಗಳನ್ನು ಸಮಪಾತಳಿಯಲ್ಲಿ ಅಡ್ಡಲಾಗಿ, ನೆಲಕ್ಕೆ ತಾಗುವಂತೆ ಇರಿಸಬೇಕು. ಸೊಪ್ಪಿನಬೆಟ್ಟಗಳಲ್ಲಿ ಆ ವರ್ಷ ದರಗು ಗುಡಿಸಬಾರದು. ಉರಿಗೆ ಬಾಡಿ ಆಮೇಲೆ ಉದುರುವ ಎಲೆಗಳೇ ಆ ನೆಲಕ್ಕೆ ದೊರೆಯುವ ಮೊದಲ ಹೊದಿಕೆ.